ಸಿಡಿಐ ಹಾಕಿಸಿದ ಗಾಡಿಗೆ ಪ್ಲಗ್ ಗ್ಯಾಪ್ ಎಷ್ಟಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಿದ್ದ ಯಜ್ದಿ ಬೈಕುಗಳು ಮಾತ್ರ ಇನ್ನೂ ಓಡುತ್ತಲೇ ಇವೆ. ಅವುಗಳಲ್ಲಿ ಬಹಳಷ್ಟು ಈಗ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಹಳೆಯ ಯಾಂತ್ರಿಕ ಸ್ವಿಚ್) ಬಿಟ್ಟು ಸಿಡಿಐಯಂಥ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಕೊಂಡಿವೆ. ಹುಟ್ಟಿನಿಂದಲೇ ಸಿಡಿಐ ಇದ್ದ ಯಮಹಾ ಆರ್‌ಎಕ್ಸ್ 100ಗಳಿಗೆ ಜನ ಪೋರ್ಟಿಂಗ್ ಮಾಡಿಸುತ್ತಾರೆ, ಕಂಪ್ರೆಷನ್ ಏರಲೆಂದು ಹೆಡ್ ಕೆತ್ತಿಸುತ್ತಾರೆ, ಎಕ್ಸ್‌ಪಾನ್ಷನ್ ಚೇಂಬರ್ ಹಾಕಿಸುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದಿನ ಹತ್ತಿರ ಬಂದಾಗ ಯಾರೋ ಹೇಳಿದ ಒಂದು ಸಂಖ್ಯೆಯನ್ನು ನಂಬಿ ಕೂತುಬಿಡುತ್ತಾರೆ. ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪಾಯಿಂಟ್ ತೆಗೆದು ಸಿಡಿಐ ಹಾಕಿಸಿದ್ದೇನೆ. ಗ್ಯಾಪ್ ದೊಡ್ಡದು ಮಾಡಲೇಬೇಕಾ?

ಮಾಡಲೇಬೇಕು ಅಂತೇನಿಲ್ಲ. ಮಾಡಬಹುದು, ಅದೂ ಸ್ವಲ್ಪ ಮಾತ್ರ.

ಪಾಯಿಂಟ್ ವ್ಯವಸ್ಥೆಯಲ್ಲಿ ಕಾಯಿಲ್‌ಗೆ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಸುರುಳಿ) ಹೋಗುವ ಕರೆಂಟನ್ನು ಕಡಿಯುವುದು ಎರಡು ಲೋಹದ ತುಣುಕುಗಳು. ಕರೆಂಟ್ ಜಾಸ್ತಿ ಹರಿಸಿದರೆ ಪಾಯಿಂಟ್ ಸುಟ್ಟುಹೋಗುತ್ತದೆ, ಆದ್ದರಿಂದ ಕಾಯಿಲ್‌ಗೆ ಸಿಗುವ ಶಕ್ತಿಗೂ ಮಿತಿ ಇದೆ. ಆ ಮಿತಿಯೊಳಗೆ ಕಿಡಿ ತಪ್ಪದೆ ಹಾರಲಿ ಎಂದೇ ಹಳೆಯ ಪಾಯಿಂಟ್ ಗಾಡಿಗಳಿಗೆ ಸಾಮಾನ್ಯವಾಗಿ 0.5ರಿಂದ 0.6 ಮಿ.ಮೀ. ಗ್ಯಾಪ್ ಇಡುತ್ತಿದ್ದರು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಸವೆಯುವ ತುಣುಕು ಇಲ್ಲ, ವೋಲ್ಟೇಜೂ ಹೆಚ್ಚು ಸಿಗುತ್ತದೆ. ಆ ಹೆಚ್ಚುವರಿ ವೋಲ್ಟೇಜನ್ನು ನಾನು ಮನೆಯಲ್ಲಿ ಕೂಡಿಟ್ಟ ದುಡ್ಡಿನ ಹಾಗೆ ನೋಡುತ್ತೇನೆ. ಅದನ್ನು ಕೇಳುವವರು ಇಬ್ಬರು: ಒಂದು ಸಿಲಿಂಡರಿನ ಒತ್ತಡ, ಇನ್ನೊಂದು ಗ್ಯಾಪ್. ಮೊದಲು ಒತ್ತಡಕ್ಕೆ ಕೊಡಬೇಕು. ಉಳಿದರೆ ಗ್ಯಾಪಿಗೆ.

ಸಂದು ಸ್ವಲ್ಪ ದೊಡ್ಡದಾದರೆ ಅಷ್ಟೇನು ವ್ಯತ್ಯಾಸ?

1889ರಲ್ಲಿ ಜರ್ಮನಿಯ ಫ್ರೀಡ್ರಿಶ್ ಪಾಶೆನ್ ಒಂದು ನಿಯಮ ಕಂಡುಕೊಂಡರು. ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜ್ ಒತ್ತಡವನ್ನು ಸಂದಿನಿಂದ ಗುಣಿಸಿದರೆ ಬರುವ ಗುಣಲಬ್ಧವನ್ನು ಅವಲಂಬಿಸುತ್ತದೆ. ಎಂಜಿನ್ ಒಳಗೆ ಬಿಸಿಯೂ ಏರುವುದರಿಂದ ಒತ್ತಡದ ಬದಲು ಸಾಂದ್ರತೆ, ಅಂದರೆ ಗಾಳಿ ಎಷ್ಟು ಇಡುಕಿರಿದಿದೆ ಎಂದು ಲೆಕ್ಕ ಹಿಡಿಯುವುದು ಸರಿ.

ಹೊರಗಿನ ಗಾಳಿಯಲ್ಲಿ 0.7 ಮಿ.ಮೀ. ಸಂದನ್ನು ದಾಟಲು ಕಿಡಿಗೆ ಸುಮಾರು 3.5 ಕಿಲೋವೋಲ್ಟ್ ಸಾಕು. ಅದೇ ಗಾಳಿಯನ್ನು ಏಳು ಪಟ್ಟು ಒತ್ತಿದರೆ ಸುಮಾರು 16 ಕಿಲೋವೋಲ್ಟ್ ಬೇಕು. ಗ್ಯಾಪ್ 0.5 ಇದ್ದರೆ 12ರ ಹತ್ತಿರ ಮುಗಿಯುತ್ತದೆ, 1.0 ಮಾಡಿದರೆ 22 ದಾಟುತ್ತದೆ. ಇದು ತಣ್ಣಗಿನ, ನಯವಾದ ಎಲೆಕ್ಟ್ರೋಡ್‌ಗಳಿಗೆ ಹಾಕಿದ ಲೆಕ್ಕ. ಓಡುವ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿ ಕಾದಿರುತ್ತದೆ, ಅಂಚು ಚೂಪಾಗಿರುತ್ತದೆ, ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆ. ಆದರೆ ಅನುಪಾತ ಹೀಗೇ ಇರುತ್ತದೆ. ಕಣ್ಣಿಗೆ ಕಾಣದಷ್ಟು, 0.3 ಮಿ.ಮೀ. ಸಂದು ಬಿಡಿಸಿದ್ದಕ್ಕೆ ಕಾಯಿಲ್ ಮೇಲೆ ಐದಾರು ಸಾವಿರ ವೋಲ್ಟ್ ಹೆಚ್ಚಿನ ಹೊರೆ.

ಹಾಗಿದ್ದರೆ ಚಿಕ್ಕ ಗ್ಯಾಪೇ ಒಳ್ಳೆಯದಲ್ಲವಾ?

ಅದಕ್ಕೂ ಬೆಲೆ ತೆರಬೇಕು. ಕಿಡಿ ಹುಟ್ಟಿಸಿದ ಪುಟ್ಟ ಬೆಂಕಿಯುಂಡೆ ಎರಡು ಲೋಹಗಳ ನಡುವೆ ಇಕ್ಕಟ್ಟಾಗಿ ಕೂರುತ್ತದೆ. ಅದರ ಬಿಸಿಯನ್ನು ಎರಡೂ ಕಡೆಯ ಲೋಹ ಹೀರಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ, ಪೆಟ್ರೋಲ್ ಕಡಿಮೆ ಇರುವ ತೆಳು ಮಿಶ್ರಣದಲ್ಲಿ, ಚಳಿಗಾಲದ ಬೆಳಗ್ಗೆ ಆ ಉಂಡೆ ಬೆಳೆಯುವ ಮೊದಲೇ ಆರಿಹೋಗಬಹುದು. ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ತೊಂದರೆ ಇದೆ: ಎಣ್ಣೆಯ ಮಸಿ ಸಣ್ಣ ಸಂದಿಗೆ ಬೇಗ ಸೇತುವೆ ಕಟ್ಟುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಕೂದಲೆಳೆಯಂಥ ಒಂದು ಕಪ್ಪು ಎಳೆ ಎರಡೂ ತುದಿಯನ್ನು ಮುಟ್ಟಿಕೊಂಡಿರುತ್ತದೆ.

ಅತಿ ಕಠಿಣ ಹೊತ್ತಿನಲ್ಲೂ ಕಾಯಿಲ್ ತಪ್ಪದೆ ದಾಟಿಸಬಲ್ಲಷ್ಟು ದೊಡ್ಡ ಸಂದು ಇಡಬೇಕು, ಅದಕ್ಕಿಂತ ಒಂದು ಕೂದಲೂ ಹೆಚ್ಚು ಬೇಡ.

ಆ ಅತಿ ಕಠಿಣ ಹೊತ್ತು ಯಾವುದು? ಟಾಪ್ ಸ್ಪೀಡಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ.

ಸಿಲಿಂಡರ್ ಅತಿ ಹೆಚ್ಚು ತುಂಬುವುದು ಗರಿಷ್ಠ ಟಾರ್ಕ್ ಬರುವ ಆರ್‌ಪಿಎಂನಲ್ಲಿ, ಥ್ರಾಟಲ್ ಪೂರ್ತಿ ತೆರೆದಾಗ. ತುಂಬಿದಷ್ಟೂ ಸಾಂದ್ರತೆ ಹೆಚ್ಚು, ಕಿಡಿಗೆ ಬೇಕಾದ ವೋಲ್ಟೇಜೂ ಹೆಚ್ಚು. ಟಾಪ್ ಸ್ಪೀಡಿನಲ್ಲಿ ಉಸಿರಾಟಕ್ಕೆ ಸಮಯ ಸಾಲದೆ ಸಿಲಿಂಡರ್ ಅಷ್ಟು ತುಂಬುವುದೇ ಇಲ್ಲ.

ನನ್ನ ಯಜ್ದಿ ರೋಡ್‌ಕಿಂಗ್‌ಗೆ ಸಿಡಿಐ ಕಿಟ್ ಕೂರಿಸಿ, ಹೆಡ್ ಸ್ವಲ್ಪ ಕೆತ್ತಿಸಿದ ಹೊಸತು. ದೊಡ್ಡ ಕಿಡಿ ಬಂದರೆ ದೊಡ್ಡ ಪಿಕಪ್ ಎಂದು ನಂಬಿ ಗ್ಯಾಪ್ 1.0 ಇಟ್ಟಿದ್ದೆ. ಊರೊಳಗೆ ಅದ್ಭುತವಾಗಿ ಓಡಿತು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಲು ಶುರುಮಾಡಿದ ಮೇಲೆ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದಾಗಲೆಲ್ಲ ಪಟ್ ಪಟ್ ಎಂದು ಮಿಸ್ ಹೊಡೆಯತೊಡಗಿತು. ಕೈ ಸಡಿಲಿಸಿದರೆ ಸರಿ, ತಿರುವಿದರೆ ಮತ್ತೆ ಅದೇ. ಕಾರ್ಬ್ಯುರೇಟರ್ ಎಂದು ಅಂದುಕೊಂಡು ಅರ್ಧ ಗಂಟೆ ಜೆಟ್ ಊದಿದೆ. ಕೊನೆಗೆ ತಿರುವಿನಲ್ಲಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ರಸ್ತೆಬದಿಯ ಕಟ್ಟೆಯ ಕಲ್ಲಿಗೆ ಅದರ ಹೊರಗಿನ ಬಾಗಿದ ಕೊಕ್ಕೆಯನ್ನು ಮೆಲ್ಲಗೆ ತಟ್ಟಿ ತಟ್ಟಿ 0.65ಕ್ಕೆ ತಂದೆ. ಕೊಟ್ಟಿಗೆಹಾರದವರೆಗೆ ಒಂದು ಮಿಸ್ ಕೂಡ ಇಲ್ಲ. ಅಂದಿನಿಂದ ಗ್ಯಾಪ್ ಪರೀಕ್ಷೆಗೆ ನನಗೆ ಘಾಟಿ ರಸ್ತೆ ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಇಲ್ಲ.

ಕಿಡಿಯಿಂದಲೇ ಮಿಸ್ ಆಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ? ಟೂ ಸ್ಟ್ರೋಕ್ ಹಾಗೇ ಸದ್ದು ಮಾಡುತ್ತದಲ್ಲ?

ಮಿಶ್ರಣ ದಪ್ಪವಾದ ಟೂ ಸ್ಟ್ರೋಕ್ ಅರ್ಧ ಥ್ರಾಟಲ್‌ನಲ್ಲಿ, ಇಳಿಜಾರಿನಲ್ಲಿ, ಹೊರೆ ಇಲ್ಲದಾಗ ಒಂದು ಬಿಟ್ಟು ಒಂದು ಹೊಡೆಯುತ್ತದೆ. ಹೊರೆ ಬಿದ್ದ ಕೂಡಲೇ ಸರಿಹೋಗುತ್ತದೆ. ವೋಲ್ಟೇಜ್ ಸಾಲದೆ ಬರುವ ಮಿಸ್ ಇದಕ್ಕೆ ತದ್ವಿರುದ್ಧ, ಹೊರೆ ಬಿದ್ದಾಗಲೇ ಬರುತ್ತದೆ. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಉಸಿರು ಕಟ್ಟಿದಂತೆ ನಿಧಾನವಾಗಿ ಕುಸಿಯುತ್ತದೆ. ಕಿಡಿ ತಪ್ಪಿದರೆ ಕತ್ತರಿಸಿದಂತೆ, ಥಟ್ಟನೆ. ಅನುಮಾನ ಉಳಿದರೆ ಗ್ಯಾಪನ್ನು 0.1 ಇಳಿಸಿ ಅದೇ ಏರು, ಅದೇ ಗೇರಿನಲ್ಲಿ ಮತ್ತೆ ಓಡಿಸಿ. ಮಿಸ್ ಮಾಯವಾದರೆ ಉತ್ತರ ಸಿಕ್ಕಿತು.

ಪ್ಲಗ್ ಹೊರಗಿಟ್ಟು ಕಿಕ್ ಹೊಡೆದರೆ ನೀಲಿ ಕಿಡಿ ಚೆನ್ನಾಗಿ ಬರುತ್ತದೆ. ಮತ್ತೇಕೆ ಮಿಸ್?

ಹೊರಗೆ ಬೇಕಾದ್ದು 3.5 ಕಿಲೋವೋಲ್ಟ್ ಮಾತ್ರ. ಅರ್ಧ ಸತ್ತ ಕಾಯಿಲ್ ಕೂಡ ಅದನ್ನು ಕೊಡುತ್ತದೆ. ಅದಕ್ಕೇ ಜಪಾನಿ ಸರ್ವಿಸ್ ಪುಸ್ತಕಗಳು ಪ್ಲಗ್ ಬದಲು ಹೊರಗಿನ ಗಾಳಿಯಲ್ಲಿ 6 ಮಿ.ಮೀ. ದೂರ ಹಾರಬಲ್ಲ ಕಿಡಿಯನ್ನು ಕೇಳುತ್ತವೆ. ಸಂದು ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ದುಬಾರಿಯೇನಲ್ಲ, ಒಂದು ಕೊಂಡಿಟ್ಟುಕೊಳ್ಳಿ.

ಎರಡು ಎಚ್ಚರಿಕೆ. ಸಿಡಿಐ ಗಾಡಿಯಲ್ಲಿ ಪ್ಲಗ್ ವೈರನ್ನು ಎಲ್ಲಿಗೂ ಮುಟ್ಟಿಸದೆ ಕಿಕ್ ಹೊಡೆಯಬೇಡಿ. ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ನನ್ನೇ ತೂತು ಮಾಡಬಹುದು. ಮತ್ತೆ, ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಕಿಡಿಯನ್ನು ಅದರಿಂದ ದೂರ ಹಿಡಿಯಿರಿ, ಇಲ್ಲವೇ ತೂತಿಗೆ ಹಳೆಯ ಪ್ಲಗ್ ಒಂದನ್ನು ತಿರುಗಿಸಿಡಿ.

ಸಿಡಿಐ, ಟಿಸಿಐ ಎರಡೂ ಎಲೆಕ್ಟ್ರಾನಿಕ್ ತಾನೆ? ಗ್ಯಾಪ್ ಒಂದೇ ಇಡಬಹುದಾ?

ಎರಡರ ಸ್ವಭಾವ ಬೇರೆ. ಸಿಡಿಐನಲ್ಲಿ ಕೆಪ್ಯಾಸಿಟರ್ ಒಂದನ್ನು ಕೆಲವು ನೂರು ವೋಲ್ಟ್‌ಗೆ ತುಂಬಿಸಿ, ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತಾರೆ. ವೋಲ್ಟೇಜ್ ಸಿಡಿಲಿನಂತೆ ಏರುತ್ತದೆ, ಹಾಗಾಗಿ ಮಸಿ ಹಿಡಿದ ಪ್ಲಗ್ಗಿನಲ್ಲೂ ಸೋರಿಹೋಗುವ ಮೊದಲೇ ಕಿಡಿ ಹಾರುತ್ತದೆ. ಟೂ ಸ್ಟ್ರೋಕಿಗೆ ಇದು ವರದಾನ. ಆದರೆ ಕಿಡಿ ಉರಿಯುವ ಸಮಯ ಬಹಳ ಕಡಿಮೆ, ಮಿಲಿಸೆಕೆಂಡಿನ ಸಣ್ಣದೊಂದು ಪಾಲು. ಟಿಸಿಐನಲ್ಲಿ ಪಾಯಿಂಟ್ ಮಾಡುತ್ತಿದ್ದ ಕೆಲಸವನ್ನೇ ಟ್ರಾನ್ಸಿಸ್ಟರ್ ಮಾಡುತ್ತದೆ. ವೋಲ್ಟೇಜ್ ನಿಧಾನಕ್ಕೆ ಏರಿದರೂ ಕಿಡಿ ಒಂದೆರಡು ಮಿಲಿಸೆಕೆಂಡ್ ಉರಿಯುತ್ತದೆ. ತೆಳು ಮಿಶ್ರಣದಲ್ಲಿ ಓಡುವ ಫೋರ್ ಸ್ಟ್ರೋಕಿಗೆ ಇದು ಚೆನ್ನಾಗಿ ಹೊಂದುತ್ತದೆ, 0.8, 0.9 ಗ್ಯಾಪನ್ನೂ ತಡೆದುಕೊಳ್ಳುತ್ತದೆ.

ಮ್ಯಾಗ್ನೆಟ್‌ನಿಂದಲೇ ನಡೆಯುವ ಸಿಡಿಐಗೆ ಇನ್ನೊಂದು ಗುಣ ಇದೆ. ಕಿಕ್ ಹೊಡೆಯುವಾಗ ಮ್ಯಾಗ್ನೆಟ್ ನಿಧಾನಕ್ಕೆ ತಿರುಗುತ್ತದೆ, ಸಿಡಿಐಗೆ ಕರೆಂಟ್ ಒದಗಿಸುವ ಸೋರ್ಸ್ ಕಾಯಿಲ್ ಕೊಡುವ ವೋಲ್ಟೇಜೂ ಕಡಿಮೆ. ಗ್ಯಾಪ್ ದೊಡ್ಡದಿದ್ದರೆ ಓಡುವಾಗ ಎಲ್ಲ ಸರಿ, ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಕಾಲು ಸೋಲುತ್ತದೆ. ಹತ್ತು ಕಿಕ್‌ಗೆ ಎದ್ದೇಳುತ್ತಿದ್ದ ಆರ್‌ಎಕ್ಸ್ ಗ್ಯಾಪ್ 0.1 ಇಳಿಸಿದ ಮೇಲೆ ಎರಡನೇ ಕಿಕ್‌ಗೆ ಎದ್ದದ್ದನ್ನು ನಾನೇ ಕಂಡಿದ್ದೇನೆ.

ಸರಿ, ಸಂಖ್ಯೆ ಹೇಳಿ.

ಮೊದಲು ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ. ಕಿಟ್ ಹಾಕಿಸಿದ್ದರೆ ಕಿಟ್ ಜೊತೆ ಬಂದ ಚೀಟಿ ನೋಡಿ. ಅವೆರಡೂ ಕೈಗೆ ಸಿಗದಿದ್ದರೆ ನಾನು ಆರಂಭಿಸುವುದು ಹೀಗೆ: ಮ್ಯಾಗ್ನೆಟ್ ಸಿಡಿಐ ಇರುವ, ಕೈ ಹಾಕದ ಟೂ ಸ್ಟ್ರೋಕಿಗೆ 0.6ರಿಂದ 0.7. ಹೆಡ್ ಕೆತ್ತಿಸಿ, ಚೇಂಬರ್ ಹಾಕಿಸಿದ್ದರೆ 0.5ರಿಂದ 0.6. ಬ್ಯಾಟರಿಯಿಂದ ನಡೆಯುವ ಟಿಸಿಐ ಫೋರ್ ಸ್ಟ್ರೋಕಿಗೆ 0.7ರಿಂದ 0.9. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಕಾರಿಗೆ ಕಂಪನಿ ಕೊಟ್ಟದ್ದು, ಬಹುತೇಕ 1.0ರಿಂದ 1.1. ಟರ್ಬೊ ಇದ್ದು ಬೂಸ್ಟ್ ಏರಿಸಿದ್ದರೆ 0.6, 0.7ಕ್ಕೆ ಇಳಿಸಬೇಕಾಗಬಹುದು. ಒಂದು ಬಾರ್ ಬೂಸ್ಟ್ ಎಂದರೆ ಸಿಲಿಂಡರಿಗೆ ಹತ್ತಿರಹತ್ತಿರ ಎರಡು ಪಟ್ಟು ಗಾಳಿ ತುಂಬಿದ ಹಾಗೆ, ಇದನ್ನು ಮರೆಯಬೇಡಿ.

ಅಮೆರಿಕದ ವಿ8 ಕಾರುಗಳಿಗೆ 1.5 ಮಿ.ಮೀ. ಇಡುತ್ತಾರಂತೆ?

ಇಟ್ಟಿದ್ದರು. 1970ರ ದಶಕದ ಮಧ್ಯದಲ್ಲಿ ಜನರಲ್ ಮೋಟಾರ್ಸ್ ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ತಂದಾಗ ಕೆಲವು ಎಂಜಿನ್‌ಗಳಿಗೆ 1.5ರ ಗ್ಯಾಪ್ ಹೇಳಿತ್ತು. ಮುಂದಿನ ವರ್ಷಗಳಲ್ಲಿ ಅದು 1.1ರ ಆಸುಪಾಸಿಗೆ ಇಳಿಯಿತು. ಆ ದೊಡ್ಡ ಗ್ಯಾಪ್ ಬಂದದ್ದು ಹೊಗೆ ನಿಯಮಗಳಿಗಾಗಿ ತೆಳುವಾದ ಮಿಶ್ರಣ ಹೊತ್ತಿಕೊಳ್ಳಲಿ ಎಂದು, ವೇಗಕ್ಕಾಗಿ ಅಲ್ಲ. ಅವು ಆಗಿನ ಕಡಿಮೆ ಕಂಪ್ರೆಷನ್ ಎಂಜಿನ್‌ಗಳು, ಅವುಗಳ ಕಾಯಿಲ್ ಅಂಗೈಗಿಂತ ದೊಡ್ಡದು. ಅಲ್ಲಿನ ರೇಸ್ ಇಗ್ನಿಷನ್ ತಯಾರಕರ ಪಟ್ಟಿಗಳಲ್ಲೂ ಕಂಪ್ರೆಷನ್ ಏರಿದಂತೆ ಗ್ಯಾಪ್ ಇಳಿಯುತ್ತದೆ. 98 ಸಿಸಿ ಆರ್‌ಎಕ್ಸ್‌ನ ಹಿಡಿಯಷ್ಟು ಕಾಯಿಲ್‌ಗೆ ಆ ಸಂಖ್ಯೆಯನ್ನು ತಂದು ಕಟ್ಟುವುದು ಅನ್ಯಾಯ.

ಗ್ಯಾಪ್ ಅಳೆಯುವ ಸರಿಯಾದ ವಿಧಾನ ಯಾವುದು?

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಕೆಡುವುದು ಇದೇ ಕೆಲಸ.

ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡುವುದು ಅಳತೆ ಅಲ್ಲ. ಪಟ್ಟಿಯಂಥ ಫೀಲರ್ ಗೇಜ್ ಹೊಸ ಪ್ಲಗ್ಗಿಗೆ ಪರವಾಗಿಲ್ಲ. ಓಡಿದ ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿ: ಕಿಡಿ ಬಿದ್ದ ಜಾಗದಲ್ಲಿ ಕೊಕ್ಕೆಯ ಒಳಮೈ ಬಟ್ಟಲಿನಂತೆ ಕೊರೆದುಹೋಗಿರುತ್ತದೆ. ಪಟ್ಟಿ ಆ ಬಟ್ಟಲಿನ ಎರಡು ಅಂಚುಗಳ ಮೇಲೆ ಕೂರುತ್ತದೆ, ತಳ ಮುಟ್ಟುವುದಿಲ್ಲ. 0.6 ಎಂದು ತೋರಿಸಿದ ಸಂದು ನಿಜಕ್ಕೂ 0.75 ಇದ್ದೀತು. ಆದ್ದರಿಂದ ದುಂಡನೆಯ ತಂತಿ ಇರುವ ಗೇಜ್ ಬೇಕು. ಬೆಂಗಳೂರಿನ ಜೆಸಿ ರೋಡಿನಂಥ ಕಡೆ ಕೇಳಿ ನೋಡಿ. ನಾಣ್ಯದಂಥ ದುಂಡು ಗೇಜಿನ ಅಂಚನ್ನು ಒತ್ತಿ ಸಂದು ಬಿಡಿಸುವ ಅಭ್ಯಾಸ ಬೇಡ, ಅದು ನಡುಗಡ್ಡಿಯ (ಪ್ಲಗ್ಗಿನ ನಡುವೆ ಇರುವ ಲೋಹದ ಕಡ್ಡಿ) ಮೇಲೂ ಪಿಂಗಾಣಿಯ ಮೇಲೂ ಭಾರ ಹಾಕುತ್ತದೆ.

ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ಬಿಡಿಸಬೇಕಾದರೆ ಗೇಜಿನಲ್ಲಿರುವ ಕಚ್ಚಿನಿಂದ ಕೊಕ್ಕೆಯ ತುದಿ ಹಿಡಿದು ಎತ್ತಿ. ಮುಚ್ಚಬೇಕಾದರೆ ಗಟ್ಟಿ ಮರದ ಮೇಲೆ ಕೊಕ್ಕೆಯ ಬೆನ್ನನ್ನು ಮೆಲ್ಲಗೆ ತಟ್ಟಿ, ಪ್ರತಿ ಎರಡು ಏಟಿಗೆ ಒಮ್ಮೆ ಅಳೆಯಿರಿ. ಸರಿಯಾದ ಗ್ಯಾಪ್ ಬೆರಳಿಗೆ ಗೊತ್ತಾಗುತ್ತದೆ. ತಂತಿ ಒಳಗೆ ಹೋಗುವಾಗ ತಣ್ಣನೆಯ ತುಪ್ಪದಲ್ಲಿ ಸರಿದಂತೆ ಹಗುರವಾಗಿ ಎಳೆಯಬೇಕು. 0.6ರ ತಂತಿ ಹೀಗೆ ಸರಿದು, 0.65 ಹೊಗದಿದ್ದರೆ ಮುಗಿಯಿತು. ಕೊನೆಯಲ್ಲಿ ಪಕ್ಕದಿಂದ ನೋಡಿ. ಕೊಕ್ಕೆಯ ಒಳಮೈ ನಡುಗಡ್ಡಿಯ ತಲೆಗೆ ಸಮಾನಾಂತರವಾಗಿರಬೇಕು, ಒಂದು ಕಡೆ ತೆರೆದ ಬಾಯಿಯಂತೆ ಇರಬಾರದು.

ಹೊಸ ಪ್ಲಗ್ ಡಬ್ಬಿಯಿಂದ ತೆಗೆದು ಹಾಗೇ ಹಾಕಬಹುದಾ?

ಅಳೆದು ಹಾಕಿ. ಒಂದೇ ಪ್ಲಗ್ ಹತ್ತಾರು ಗಾಡಿಗಳಿಗೆ ಹೋಗುತ್ತದೆ, ಸಾಗಣೆಯಲ್ಲಿ ಬಿದ್ದೂ ಇರಬಹುದು. ಎನ್‌ಜಿಕೆ ಪ್ಲಗ್ ನಂಬರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ 9 ಎಂದಿದ್ದರೆ 0.9, 11 ಎಂದಿದ್ದರೆ 1.1 ಮಿ.ಮೀ. ಗ್ಯಾಪ್‌ನಲ್ಲಿ ಕಾರ್ಖಾನೆಯಿಂದ ಬಂದಿದೆ ಎಂದರ್ಥ.

ಇರಿಡಿಯಂ ಪ್ಲಗ್ ಹಾಕಿದರೆ ಗ್ಯಾಪ್ ದೊಡ್ಡದು ಮಾಡಬಹುದಾ?

ಇರಿಡಿಯಂನ ನಡುಗಡ್ಡಿ ಸೂಜಿಯಷ್ಟು ಸಣ್ಣ, ಎನ್‌ಜಿಕೆಯದು 0.6 ಮಿ.ಮೀ., ಡೆನ್ಸೊದು 0.4. ಚೂಪು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ, ಬೆಂಕಿಯುಂಡೆಯ ಬಿಸಿಯನ್ನೂ ಕಡಿಮೆ ಕದಿಯುತ್ತದೆ. ಕರಗುವ ಬಿಂದು 2,446 ಡಿಗ್ರಿ ಸೆಲ್ಸಿಯಸ್ (ನಿಕಲ್‌ನದು 1,455), ಹಾಗಾಗಿ ಸವೆತವೂ ನಿಧಾನ. ಆ ಲಾಭವನ್ನು ಗ್ಯಾಪ್ ದೊಡ್ಡದು ಮಾಡಿ ಖರ್ಚು ಮಾಡಬೇಡಿ, ಹಾಗೇ ಉಳಿಸಿಕೊಳ್ಳಿ. ಅಳೆಯುವಾಗ ತಂತಿ ನಡುಗಡ್ಡಿಯನ್ನು ಉಜ್ಜದಂತೆ ನೋಡಿಕೊಳ್ಳಿ. ವೈರ್ ಬ್ರಷ್ ಅಂತೂ ಹತ್ತಿರಕ್ಕೂ ತರಬೇಡಿ.

ಬೆಂಗಳೂರಿನಲ್ಲಿ ಸರಿ ಇದ್ದ ಗಾಡಿ ಮಂಗಳೂರಿನಲ್ಲಿ ಮಿಸ್ ಹೊಡೆಯುತ್ತದೆ. ಹೀಗೂ ಉಂಟಾ?

ಉಂಟು, ಗ್ಯಾಪ್ ಅಂಚಿನಲ್ಲಿದ್ದರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿ ಕರಾವಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಘಟ್ಟ ಇಳಿದರೆ ಸಿಲಿಂಡರ್ ಅಷ್ಟೇ ಹೆಚ್ಚು ತುಂಬುತ್ತದೆ, ಕಿಡಿಗೂ ಅಷ್ಟೇ ಹೆಚ್ಚು ವೋಲ್ಟೇಜ್ ಬೇಕು. ಬೆಂಗಳೂರಿನಲ್ಲಿ ಹೊಂದಿಸಿದ ಟ್ಯೂನ್ ಗಾಡಿಯನ್ನು ಕರಾವಳಿಗೆ ಒಯ್ಯುವವರು ಜೆಟ್ ಜೊತೆಗೆ ಗ್ಯಾಪನ್ನೂ ಒಮ್ಮೆ ನೋಡಿ.

ಗ್ಯಾಪ್ ಬದಲಿಸಿದರೆ ಟೈಮಿಂಗ್ ಬದಲಾಗುತ್ತದಾ?

ಪಾಯಿಂಟ್ ಗ್ಯಾಪ್ ಬದಲಿಸಿದರೆ ಬದಲಾಗುತ್ತದೆ. ಪ್ಲಗ್ ಗ್ಯಾಪ್ ಬದಲಿಸಿದರೆ ಗಮನಕ್ಕೆ ಬರುವಷ್ಟು ಬದಲಾಗುವುದಿಲ್ಲ. ಎರಡಕ್ಕೂ ಗ್ಯಾಪ್ ಎಂದೇ ಹೆಸರಿರುವುದರಿಂದ ಈ ಗೊಂದಲ.

ಪ್ಲಗ್ ಬೆಳ್ಳಗಾಗಿದೆ. ಗ್ಯಾಪ್ ಕಡಿಮೆ ಮಾಡಲಾ?

ಬೇಡ. ಬಣ್ಣ ಹೇಳುವುದು ಮಿಶ್ರಣ ಮತ್ತು ಹೀಟ್ ರೇಂಜ್ ಬಗ್ಗೆ, ಅಂದರೆ ಪ್ಲಗ್ ತುದಿಯ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ಇಳಿಸುತ್ತದೆ ಎಂಬುದರ ಬಗ್ಗೆ; ಬೇಗ ಇಳಿಸುವುದು ತಣ್ಣನೆಯ ಪ್ಲಗ್. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ಮೇಲಿದ್ದರೆ ಮಸಿ ತಾನೇ ಸುಟ್ಟುಹೋಗುತ್ತದೆ. 800 ಡಿಗ್ರಿ ದಾಟುತ್ತ ಹೋದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್‌ಗೆ ತೂತು ಬೀಳುವ ಅಪಾಯ. ಹೆಡ್ ಕೆತ್ತಿಸಿದವರು ಒಂದು ಹೆಜ್ಜೆ ತಣ್ಣನೆಯ ಪ್ಲಗ್ ಬೇಕಾ ಎಂದು ನೋಡಲೇಬೇಕು. ಇಲ್ಲಿ ನಂಬರ್ ಕೈಕೊಡುತ್ತದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ, 7ಕ್ಕಿಂತ 8 ತಣ್ಣಗೆ. ಬೆಂಗಳೂರಿನ ಮೈಕೋ, ಅಂದರೆ 2008ರಿಂದ ಬಾಷ್ ಎಂಬ ಹೆಸರಿನ ಕಂಪನಿಯ ಪ್ಲಗ್‌ಗಳಲ್ಲಿ ಇದು ತಿರುಗುಮುರುಗು, ಅಂಕಿ ಇಳಿದಂತೆ ತಣ್ಣಗಾಗುತ್ತದೆ. ಇದನ್ನು ತಿಳಿಯದೆ ತಣ್ಣನೆಯದೆಂದು ಬಿಸಿ ಪ್ಲಗ್ ಹಾಕಿ ಪಿಸ್ಟನ್ ಕಳೆದುಕೊಂಡವರ ಗಾಡಿಯನ್ನು ನೋಡಿದ್ದೇನೆ, ಬಹಳ ಬೇಸರವಾಯಿತು.

ರೆಸಿಸ್ಟರ್ ಪ್ಲಗ್ ಹಾಕಿದರೆ ಕಿಡಿ ದುರ್ಬಲ ಆಗುವುದಿಲ್ಲವಾ?

ಸುಮಾರು 5 ಕಿಲೋ ಓಮ್ ರೆಸಿಸ್ಟೆನ್ಸ್ ಸಂದು ದಾಟುವ ವೋಲ್ಟೇಜನ್ನು ಕುಗ್ಗಿಸುವುದಿಲ್ಲ. ಡಿಜಿಟಲ್ ಸಿಡಿಐ ಇದ್ದರೆ ಅದು ಬೇಕೇ ಬೇಕು. ಇಲ್ಲದಿದ್ದರೆ ಕಿಡಿ ಹಬ್ಬಿಸುವ ವಿದ್ಯುತ್ ಗದ್ದಲವೇ (ರೇಡಿಯೊ ಅಡಚಣೆ) ಒಳಗಿನ ಚಿಪ್ಪನ್ನು ಗೊಂದಲಗೊಳಿಸಿ ಟೈಮಿಂಗ್ ತಪ್ಪಿಸಬಹುದು. ಪ್ಲಗ್ಗಿನಲ್ಲೋ ಕ್ಯಾಪಿನಲ್ಲೋ ಒಂದು ಕಡೆ ಇದ್ದರೆ ಸಾಕು.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಟ್ಯೂನ್ ಮಾಡಿದ ಟೂ ಸ್ಟ್ರೋಕಿಗೆ ಸಾವಿರ ಕಿಲೋಮೀಟರಿಗೊಮ್ಮೆ. ಅದು ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತದೆ, 9,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 150 ಸಲ. ಪ್ರತಿ ಕಿಡಿಯೂ ಲೋಹದ ಒಂದು ಕಣ ಕೀಳುತ್ತದೆ, ಗ್ಯಾಪ್ ತಾನಾಗಿಯೇ ಬೆಳೆಯುತ್ತದೆ. ಅದಕ್ಕೇ ನಾನು ಹೊಸ ಪ್ಲಗ್ಗನ್ನು ನನ್ನ ಮಿತಿಯ ಕೆಳತುದಿಗೆ ಹೊಂದಿಸುತ್ತೇನೆ, ಬೆಳೆಯಲು ಜಾಗ ಇರಲಿ ಎಂದು. ನಡುಗಡ್ಡಿಯ ಅಂಚು ದುಂಡಾಗಿದ್ದರೆ ಮತ್ತೆ ಬಗ್ಗಿಸುತ್ತ ಕೂರಬೇಡಿ, ಹೊಸದು ಹಾಕಿ.

ವಾಪಸ್ ಹಾಕುವಾಗ ಎಷ್ಟು ಬಿಗಿ?

ಎಂಜಿನ್ ತಣ್ಣಗಿರಲಿ. ಮೊದಲು ಕೈಯಿಂದಲೇ ತಿರುಗಿಸಿ, ಸ್ಪ್ಯಾನರ್ ಬೇಡ. ವಾಷರ್ ಕೂತ ಮೇಲೆ ಹೊಸ ಪ್ಲಗ್ಗಾದರೆ ಅರ್ಧ ಸುತ್ತು, ಹಳೆಯದಾದರೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು. ಟಾರ್ಕ್ ರೆಂಚ್ ಇದ್ದವರಿಗೆ, 14 ಮಿ.ಮೀ. ಪ್ಲಗ್, ಅಲ್ಯೂಮಿನಿಯಂ ಹೆಡ್ ಆದರೆ 25ರಿಂದ 30 ನ್ಯೂಟನ್ ಮೀಟರ್. ಸಡಿಲವಾಗಿ ಬಿಟ್ಟರೆ ಪ್ಲಗ್ಗಿನ ಬಿಸಿ ಹೆಡ್‌ಗೆ ಇಳಿಯದೆ ತುದಿಯಲ್ಲೇ ಉಳಿಯುತ್ತದೆ, ತಣ್ಣನೆಯ ಪ್ಲಗ್ ಕೂಡ ಬಿಸಿ ಪ್ಲಗ್ಗಿನಂತೆ ವರ್ತಿಸುತ್ತದೆ. ಕ್ಯಾಪ್ ಒತ್ತುವಾಗ ಟಕ್ ಎಂಬ ಸದ್ದು ಬಂತಾ ನೋಡಿ. ಬರದಿದ್ದರೆ ತೆಗೆದು ಮತ್ತೆ ಒತ್ತಿ.